ಚೊಕ್ಕ ಮಾಡಿದ ಅಂಗಳ

ಸಾಬೂನು ಕಾರ್ಖಾನೆಯವರು ಕಳಿಸಿದ ದಪ್ಪ ಹೂಮಾಲೆಯನ್ನು ಗಂಡನ ಎದೆಯ ಮೇಲಿಂದ ಎತ್ತಿ ಹೆಂಡತಿ ಕುರ್ಚಿಯ ಮೇಲೆ ಹಾಕಿದಳು. ನಾದಿನಿ ಅದನ್ನು ಮತ್ತೆ ತಂದು ಹಾಸಿದಳು. ಹೆಂಡತಿ ಮತ್ತೆ ತೆಗೆದಳು.

"ಅತ್ತಿಗೆ, ನಾಲ್ಕು ಜನ ನೋಡ್ತಾರೆ. ಗತಿಯಿಲ್ಲದವರ ಹಾಗೆ ಮಲಗಿಸಿದೀವಿ ಅಂತಾರೆ."

"ಅನ್ಲಿ ಬಿಡು. ನಿಮ್ಮಣ್ಣ ಅಂದಿದಾರೆ, ಅಂಗಡಿ ಹೂವು ಬೇಡ, ನಾನು ನೆಟ್ಟಿದ್ದು ಏನಿದ್ಯೋ ಅದನ್ನ ಹಾಕಿ ಅಂತ. ನನ್ನ ಹತ್ರ ಅವರು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಮಗನ್ನ ಕಾರ್ಖಾನೆಗೆ ಕಳಿಸಿದೀನಿ, ತರ್ತಾನೆ."

ಶವ ಒಯ್ಯುವ ಗಾಡಿ ಬರುವುದು ನಾಲ್ಕಕ್ಕೆ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಸಾವಿನ ಮನೆಯಲ್ಲಿ ಬೇರೆ ಏನಿಲ್ಲದಿದ್ದರೂ ಸಲಹೆಗೆ ಬರವಿಲ್ಲ. ಕಿಟಕಿ ತೆಗೆಯಿರಿ ಎಂದು ಒಬ್ಬರು, ಮುಚ್ಚಿ ಎಂದು ಇನ್ನೊಬ್ಬರು. ಪಕ್ಕದ ಮನೆಯಾಕೆ ಮೂಗು ಒರೆಸಿಕೊಂಡು, "ಪಾಪ, ಯಾರ ತಂಟೆಗೂ ಹೋದವರಲ್ಲ" ಎಂದಳು.

"ಹೋಗ್ತಿದ್ರು," ಎಂದಳು ಹೆಂಡತಿ. "ಮ್ಯಾನೇಜರುಗಳ ತಂಟೆಗೆ ಹೋಗ್ತಿದ್ರು."

*

ಕಳೆಯಪ್ಪ ಎಂಬ ಅಡ್ಡಹೆಸರು ಸತ್ತವನಿಗೆ ಬಂದದ್ದು ಕಸುಬಿನಿಂದ. ಕಾರ್ಖಾನೆ, ಆಸ್ಪತ್ರೆ, ಕಿವುಡು ಮಕ್ಕಳ ಸಂಸ್ಥೆ, ಎಲ್ಲಿ ಖಾಲಿ ಅಂಗಳವಿತ್ತೋ ಅಲ್ಲಿ ಲಾನ್ ಅಗೆದು, ಹಿಂದೆ ಆ ನೆಲದಲ್ಲಿ ತಾನಾಗಿ ಬೆಳೆಯುತ್ತಿದ್ದ ಗಿಡಗಳನ್ನೇ ನೆಡುತ್ತಿದ್ದ. ರೈಲು ಹಳಿಯ ಬದಿಯಲ್ಲಿ, ಹಳೆಯ ಗೋಡೆಗಳ ಸಂದಿಯಲ್ಲಿ ಬೀಜ ಹೆಕ್ಕಿ ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದ. ಬಟ್ಟೆ ಒಗೆಯುವಾಗ ಹೆಂಡತಿ ಬೈಯುತ್ತಿದ್ದಳು. ನೀರಿನ ಖರ್ಚಿಲ್ಲ, ಔಷಧಿ ಹೊಡೆಯಬೇಕಾಗಿಲ್ಲ ಎಂದರೆ ಮ್ಯಾನೇಜರುಗಳು ತಲೆದೂಗುತ್ತಿದ್ದರು. ಎರಡು ವರ್ಷ ಕಳೆದರೂ ಅದು ಬೀಳುಭೂಮಿಯ ಹಾಗೆ ಕಂಡಾಗ ಅವರ ಮುಖ ಹುಳ್ಳಗಾಗುತ್ತಿತ್ತು.

"ಇದು ಯಾವಾಗಪ್ಪ ತೋಟ ಆಗೋದು?"

"ಆಗಿದೆ ಸಾರ್."

ಆಸ್ಪತ್ರೆಯವರು ಅದರ ಮೇಲೆ ಕಾರು ನಿಲ್ಲಿಸಿದರು. ಸಂಸ್ಥೆಗೆ ಯಾರೋ ದಾನಿ ಲಾನ್ ಹಾಕಿಸಿಕೊಟ್ಟ. ಉಳಿದದ್ದು ಸಾಬೂನು ಕಾರ್ಖಾನೆಯದೊಂದೇ. ಹೊಸ ಮ್ಯಾನೇಜರು ಬಂದಾಗಲೆಲ್ಲ ಮೊದಲ ಅಪ್ಪಣೆ, ಆ ಪೊದೆ ಸವರಿ ಎಂದು. ಇವನು ಹೋಗಿ ಅದರ ನಡುವೆ ಕೂತುಬಿಡುತ್ತಿದ್ದ. ಮನೆಯಲ್ಲಿ ಬೆಕ್ಕಿನ ಹಾಗಿದ್ದವನು ಅಲ್ಲಿ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ.

ಮಗನಿಗೆ ಇದೆಲ್ಲ ನಾಚಿಕೆ. ಅಪ್ಪ ಏನು ಮಾಡ್ತಾರೆ ಎಂದು ಕೇಳಿದವರಿಗೆ, ಕಾರ್ಖಾನೆಯಲ್ಲಿದಾರೆ ಎನ್ನುತ್ತಿದ್ದ. ಒಂದು ಸಲ ಅಪ್ಪನ ಎದುರೇ ಹಾಗೆಂದ. ಅಪ್ಪ ಹೌದೆಂದು ತಲೆಯಾಡಿಸಿದ.

*

ಮಗ ಬಂದದ್ದು ಮೂರು ದಾಟಿದ ಮೇಲೆ, ಬರಿಗೈಯಲ್ಲಿ. ಹಿಂದೆ ಮ್ಯಾನೇಜರು.

"ಹೂವೆಲ್ಲೋ?"

"ಅಲ್ಲೇನೂ ಇಲ್ಲಮ್ಮ. ಬೆಳಿಗ್ಗೆ ಸವರಿಬಿಟ್ಟಿದಾರೆ."

"ಯಾರು ಸವರೋಕೆ ಹೇಳಿದ್ದು?"

ಮ್ಯಾನೇಜರು ಮುಂದೆ ಬಂದ. "ನಾಳೆ ಅಲ್ಲೇ ಸಂತಾಪ ಸಭೆ ಇಟ್ಕೊಂಡಿದೀವಮ್ಮ. ಅವರ ಹೆಸರಿನ ಕಲ್ಲು ನಿಲ್ಲಿಸ್ತೀವಿ. ನಿಮ್ಮ ಮಗನ್ನ ಕೇಳಿಯೇ ಮಾಡಿಸಿದ್ದು."

"ಫೋನ್ ಮಾಡಿದ್ರಮ್ಮ. ಜನ ಬರ್ತಾರೆ, ಜಾಗ ಕ್ಲೀನ್ ಮಾಡಿಸಲಾ ಅಂದ್ರು. ಚೊಕ್ಕವಾಗಿರ್ಲಿ ಸಾರ್ ಅಂದೆ. ಅಪ್ಪನಿಗೆ ಮರ್ಯಾದೆ ಅಂತ... ಎಲ್ಲಾ ಸವರ್ತಾರೆ ಅಂತ ಗೊತ್ತಿರ್ಲಿಲ್ಲ."

"ಆರು ಜನ ಮ್ಯಾನೇಜರುಗಳ ಕೈಲಿ ಆಗದೇ ಇದ್ದಿದ್ದು ನಿನ್ನ ಕೈಲಿ ಆಯ್ತಲ್ಲೋ," ಎಂದಳು ತಾಯಿ. ದನಿ ಏರಲಿಲ್ಲ.

"ಮತ್ತೆ ಬೆಳೆಯುತ್ತಲ್ಲಮ್ಮ."

"ಬೆಳೆಯಲ್ಲ," ಎಂದಿತು ಬಾಗಿಲ ಬಳಿಯಿಂದ ಒಂದು ದನಿ. ಕಾರ್ಖಾನೆಯಲ್ಲಿ ಹುಲ್ಲು ಕತ್ತರಿಸುವ ಮಷೀನಿನವನು, ಹೆಗಲ ಮೇಲೆ ಒಂದು ಗೋಣಿಚೀಲ. ಮ್ಯಾನೇಜರನ್ನು ಕಂಡರೂ ಕಾಣದವನಂತೆ ನೇರ ಹೆಂಡತಿಯ ಹತ್ತಿರ ಬಂದ. "ಇನ್ನೂ ಬೀಜ ಬಲಿತಿರಲಿಲ್ಲಕ್ಕ. ಬೀಜ ಉದುರಿದ್ರೆ ತಾನೇ ಮುಂದಿನ ವರ್ಷ ಏಳೋದು. ಹದಿನೈದು ದಿನ ತಡೀರಿ ಸಾರ್ ಅಂದೆ. ಮನೆಯವರೇ ಹೇಳಿದಾರೆ ಅಂದ್ರು." ಚೀಲ ಇಳಿಸಿದ. "ಕಸದ ಗುಂಡಿಗೆ ಹಾಕು ಅಂದ್ರು. ಮನಸ್ಸು ಬರಲಿಲ್ಲ."

ಮ್ಯಾನೇಜರು ಮೊಬೈಲ್ ನೋಡುತ್ತ ಹೊರಗೆ ಹೋದ.

ಹೆಂಡತಿ ಚೀಲವನ್ನು ಮುಟ್ಟಲಿಲ್ಲ. ಮಗನ ಕಡೆ ತಳ್ಳಿದಳು. "ನೀನೇ ಹಾಕು."

ಅವನು ಮಂಡಿಯೂರಿ ಚೀಲವನ್ನು ನೆಲಕ್ಕೆ ಸುರಿದ. ಹುಲ್ಲು, ದಂಟು, ನೇರಳೆ, ಹಳದಿ ಹೂವು, ದಂಟಿಗೆ ಅಂಟಿದ ಮಣ್ಣು, ಗಾಳಿಗೆ ಹಾರಿ ಬಂದು ಸಿಕ್ಕಿಕೊಂಡಿದ್ದ ಕಾಗದದ ಚೂರು, ಎಲ್ಲ ಕಲಸಿಹೋಗಿತ್ತು. ಅಪ್ಪ ನೆಟ್ಟದ್ದು ಯಾವುದು, ಬರೀ ಹುಲ್ಲು ಯಾವುದು ಎಂದು ಅವನಿಗೆ ತಿಳಿಯಲಿಲ್ಲ. ಹೊರಗೆ ಗಾಡಿ ಬಂದು ಹಾರ್ನ್ ಮಾಡಿತು.

ಒಂದು ದಂಟು ಎತ್ತಿ ತಾಯಿಗೆ ತೋರಿಸಿದ. ಅವಳು ಮುಖ ತಿರುಗಿಸಿದಳು. ಆಗ ಅದನ್ನು ಮಷೀನಿನವನತ್ತ ಹಿಡಿದ. ಅವನು ಬೇಡವೆಂದು ತಲೆಯಾಡಿಸಿದ. ಮಗ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಎತ್ತಿದ. ಮಷೀನಿನವನು ಹೂಂ ಎಂದ. ಮಗ ಅದನ್ನು ಅಪ್ಪನ ಎದೆಯ ಮೇಲಿಟ್ಟು, ಮತ್ತೊಂದನ್ನು ಎತ್ತಿ ಮಷೀನಿನವನ ಮುಖ ನೋಡಿದ.