ಅಪ್ಪ ಹಿಡಿದ ಪ್ಯಾಡ್

ಒದೆತ ಕಲಿಯಲು ಅಪ್ಪ ಎದೆಯ ಮುಂದೆ ಹಿಡಿದ ದಪ್ಪ ಪ್ಯಾಡಿಗೆ ಕಾಲು ತಾಗಿದ ಕೂಡಲೇ ಸೌಜನ್ಯಳ ಬಲಗೈ ತಾನಾಗಿ ಮುಂದೆ ಹೋಗಿ ಅಪ್ಪನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು. ಯಾರಿಗಾದರೂ ಕಾಲು ತಾಗಿದರೆ ಹಾಗೆ ಮಾಡಬೇಕೆಂದು ಚಿಕ್ಕಂದಿನಲ್ಲಿ ಅಪ್ಪನೇ ಕಲಿಸಿದ್ದು.

"ಅರೇ, ಯೇ ಕರಾಟೆ ಹೈ ಯಾ ಪೂಜಾ?" ಎಂದು ಕರಾಟೆ ಕಲಿಸುವ ಆಕಾಶ್ ಸರ್ ನಗುತ್ತಿದ್ದರು. ಒದ್ದ ಮೇಲೂ ಕೈ ಮುಖದ ಮುಂದೆಯೇ ಇರಬೇಕು ಎಂದು ಪ್ರತಿ ಸಲ ಹೇಳುತ್ತಿದ್ದರು.

ನವಿ ಮುಂಬಯಿಯ ನೆರೂಳಿನಲ್ಲಿ, ಹೌಸಿಂಗ್ ಸೊಸೈಟಿಯ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಕ್ಲಾಸು. ಹೊಸಬರಲ್ಲಿ ದೊಡ್ಡವರೆಂದರೆ ಬಿಕಾಂ ಮುಗಿಸಿ ಥಾಣೆ ಊರಿನ ಒಂದು ಆಫೀಸಿಗೆ ಸೇರಿದ್ದ ಸೌಜನ್ಯ ಮತ್ತು ಅವಳ ಅಪ್ಪ ಶಂಭು ಇಬ್ಬರೇ. ಉಳಿದವರು ಶಾಲೆಯ ಮಕ್ಕಳು. ಹಾಗಾಗಿ ಅಪ್ಪ ಮಗಳ ಜೋಡಿ ಬದಲಾಗುತ್ತಿರಲಿಲ್ಲ.

ಮೊದಲು ಸೇರಿದ್ದು ಅವಳು. ಅದು ತಿಳಿದ ದಿನವೇ ಅಪ್ಪ, "ನಾನೂ ಬರ್ತೇನೆ. ಡಾಕ್ಟರು ವ್ಯಾಯಾಮ ಮಾಡ್ಲಿಕ್ಕೆ ಹೇಳಿದ್ದಾರೆ" ಎಂದರು.

"ಈ ಪ್ರಾಯದಲ್ಲಿ ಎಂತ ಅವತಾರ ಮಾರಾಯ್ರೆ! ನಿಮ್ಮ ಹೋಟೆಲಿನ ಕೆಲಸದ ಹುಡುಗರು ಕಂಡ್ರೆ ನಾಳೆಯಿಂದ ನಿಮ್ಮ ಮಾತು ಕೇಳ್ತಾರಾ?" ಎಂದು ಅಮ್ಮ ನಕ್ಕಳು. ಯಾವ ಡಾಕ್ಟರು ಎಂದು ಯಾರೂ ಕೇಳಲಿಲ್ಲ.

ಅಮ್ಮನಿಗೆ ಥಾಣೆ ರೈಲ್ವೆ ಸ್ಟೇಶನ್ನಿನ ವಿಷಯ ಗೊತ್ತಿರಲಿಲ್ಲ. ಕ್ಲಾಸಿಗೆ ಸೇರುವ ಸ್ವಲ್ಪ ಮೊದಲು, ಸಂಬಂಧಿಕರ ಮದುವೆ ಮುಗಿಸಿ ಅಪ್ಪನೊಟ್ಟಿಗೆ ಬರುವಾಗ ಬ್ರಿಜ್ಜಿನ ನೂಕುನುಗ್ಗಲಿನಲ್ಲಿ ಒಬ್ಬ ಸೌಜನ್ಯಳ ಸೊಂಟಕ್ಕೆ ಕೈ ಹಾಕಿ ಗಟ್ಟಿಯಾಗಿ ಹಿಡಿದಿದ್ದ. ಅವಳ ಬಾಯಿಂದ ದನಿಯೇ ಹೊರಡಲಿಲ್ಲ. ಎರಡು ಮಾರು ಮುಂದಿದ್ದ ಅಪ್ಪ ಹಿಂತಿರುಗಿದರು. ಅವರ ಕಣ್ಣು ಆ ಕೈಯ ಮೇಲೆ ಬಿತ್ತು, ನಂತರ ಅವಳ ಮುಖದ ಮೇಲೆ. ಆಮೇಲೆ ಅವರು ತಲೆಯೆತ್ತಿ ಗಾಡಿಯ ಸಮಯ ತೋರಿಸುವ ಇಂಡಿಕೇಟರ್ ನೋಡಿದರು. "ಪನ್ವೇಲ್ ಗಾಡಿ ಬಂತು, ಬೇಗ ಬಾ" ಎಂದು ನಡೆದರು. ಗಾಡಿಯಲ್ಲಿ ಇಡೀ ದಾರಿ ಮದುವೆಯ ಊಟದ ಬಗ್ಗೆ ಮಾತಾಡಿದರು. ಆಮೇಲೆ ಮನೆಯಲ್ಲಿ ಅವರಿಬ್ಬರ ನಡುವೆ ಮಾತು ಕಡಿಮೆಯಾಯಿತು. ಅಪ್ಪ ಕಂಡಿರಲಿಲ್ಲ ಎಂದು ನಂಬಲು ಅವಳು ತುಂಬ ಪ್ರಯತ್ನಿಸಿದಳು. ಅಷ್ಟು ನಂಬಿದರೆ ಸಾಕಿತ್ತು.

ಈ ಭಾನುವಾರ ಪಕ್ಕಕ್ಕೆ ಒದೆಯುವ ಸೈಡ್ ಕಿಕ್. ಮಂಡಿ ಎತ್ತು, ನಿಂತ ಪಾದ ತಿರುಗಿಸು, ಸೊಂಟ ಹೊರಳಿಸು, ಹಿಮ್ಮಡಿಯಿಂದ ತಳ್ಳು. ಫ್ರಂಟ್ ಕಿಕ್ಕಿನಷ್ಟು ಸುಲಭವಲ್ಲ. ಪಾದ ತಿರುಗಿಸಿದರೆ ಸೊಂಟ ಮರೆಯುತ್ತಿತ್ತು, ಸೊಂಟ ಹೊರಳಿಸಿದರೆ ಮೈ ವಾಲುತ್ತಿತ್ತು. ಪ್ಯಾಡಿಗೆ ತಾಗಿದಾಗಲೆಲ್ಲ ಕೈ ಕಣ್ಣಿಗೆ ಹೋಗುತ್ತಿತ್ತು.

"ಜೋರಾಗಿ ಹೊಡಿ ಮಾರಾಯ್ತಿ, ಇದೆಂತ ಸೊಳ್ಳೆ ಓಡಿಸಿದ ಹಾಗೆ!" ಅಪ್ಪ ತಮಾಷೆ ಮಾಡಿದರು. "ನಾಳೆ ಯಾರಾದ್ರೂ ಕೈ ಹಾಕಿದ್ರೆ ಎಂತ ಮಾಡ್ತಿ?"

ಕೈ ಹಾಕಿದರೆ. ತಮಾಷೆಯ ಮಾತು ಆ ಬ್ರಿಜ್ಜಿಗೇ ಬಂದು ನಿಂತಿತು. ತಮ್ಮದೇ ಮಾತು ಆಗ ಕೇಳಿಸಿದವರಂತೆ ಅಪ್ಪ ಥಟ್ಟನೆ ಪ್ಯಾಡನ್ನು ಇನ್ನಷ್ಟು ಮೇಲೆತ್ತಿದರು.

ಅವಳ ಮಂಡಿ ಮೇಲೆದ್ದಿತು. ಪಾದ, ಸೊಂಟ, ಹಿಮ್ಮಡಿ ಎಲ್ಲ ಒಂದೇ ಉಸಿರಿನಲ್ಲಿ ಸೇರಿದವು. ಪ್ಯಾಡ್ ಎದೆಗೆ ಒತ್ತಿದ ರಭಸಕ್ಕೆ ಅಪ್ಪ ಹಿಂದಕ್ಕೆ ಬಿದ್ದರು.

"ಯಹೀ! ಯಹೀ ಕಿಕ್ ಚಾಹಿಯೇ!" ಇಂಥದ್ದೇ ಒದೆತ ಬೇಕೆಂದು ಸರ್ ಆಚೆಯಿಂದ ಕೂಗಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ನೆಲದಲ್ಲಿ ಕುಳಿತ ಅಪ್ಪ ಅವಳ ಕೈಯನ್ನೇ ನೋಡುತ್ತಿದ್ದರು. ಅದು ಮುಖದ ಮುಂದೆಯೇ ಇತ್ತು, ಬಿಗಿದ ಮುಷ್ಟಿಯಾಗಿ.

"ನೀವು ಅವತ್ತು ನೋಡಿದ್ರಿ" ಎಂದಳು, ಅವರಿಗಷ್ಟೇ ಕೇಳುವಂತೆ.

ಅಪ್ಪ ಪ್ಯಾಡಿನ ಪಟ್ಟಿ ಸರಿಮಾಡಿಕೊಂಡರು.

"ನೋಡಿದೆ."

ಕಂಡಿರಲಿಲ್ಲ ಎಂದು ನಂಬಲಾಗದೆ, ಒಳಗೊಳಗೇ ಇಷ್ಟು ದಿನ ಆ ಒಂದು ಮಾತಿಗೆ ಕಾದಿದ್ದಳು. ಕೇಳಿದ ಮೇಲೆ ಹಗುರವಾಗುತ್ತದೆಂದು ಅಂದುಕೊಂಡಿದ್ದಳು.

"ಆ ಜನಜಂಗುಳಿ... ಅವನೊಟ್ಟಿಗೆ ಇನ್ನಿಬ್ಬರಿದ್ರು" ಎಂದು ಶುರುಮಾಡಿದ ಅಪ್ಪ ಮುಂದುವರಿಸಲಿಲ್ಲ. ಎದ್ದು ಕಾಲು ಅಗಲಿಸಿ ನಿಂತರು. "ಹೊಡಿ ಮಗಳೇ. ನಾನು ನಿಲ್ತೇನೆ."

ಅವಳು ಮತ್ತೆ ಮಂಡಿ ಎತ್ತಿದಳು. ಈ ಸಲ ಕಣ್ಣಿಗೆ ಕಂಡದ್ದು ಪ್ಯಾಡ್ ಅಲ್ಲ, ಅದರ ಮೇಲಿನ ಮುಖ. ಹಿಮ್ಮಡಿ ಅಲ್ಲಿಗೇ ಹೋಗಬೇಕೆನ್ನುತ್ತಿತ್ತು. ಬೆದರಿ ಕಾಲು ಇಳಿಸಿದಳು.

"ಸರ್, ಬೇರೆ ಜೋಡಿ ಕೊಡಿ."

"ಕ್ಯೂಂ? ಫಿರ್ ಪಪ್ಪಾ ಸೇ ಶರಮ್?" ಅಪ್ಪನನ್ನು ಒದೆಯಲು ಮತ್ತೆ ಸಂಕೋಚವೇ ಎಂದು ಸರ್ ನಕ್ಕರು.

"ಹಾಂ ಸರ್" ಎಂದು ಸುಳ್ಳು ಹೇಳಿ ಆಚೆ ಮಕ್ಕಳ ಸಾಲಿಗೆ ಹೋದಳು. ಅದು ಸುಳ್ಳೆಂದು ಅಪ್ಪನಿಗೂ ಗೊತ್ತಾಗಿತ್ತು. ಅವರು ಪ್ಯಾಡ್ ಇಳಿಸದೆ, ಯಾರೂ ಇಲ್ಲದ ಜಾಗದ ಎದುರು ಹಾಗೆಯೇ ನಿಂತಿದ್ದರು.