ಗೋಡೆಯ ಮೇಲಿನ ನಲವತ್ತು

"ಒಂದು ಸಲ ಡಾಕ್ಟರಿಗೆ ತೋರಿಸಿ" ಎಂದು ಮನೆಯವರಿಗೆ ಹೇಳಿ ಹೇಳಿ ನಿಮ್ಮ ನಾಲಿಗೆಯೂ ಸವೆದಿದೆಯೇ? ಹಾಗಿದ್ದರೆ ಸ್ವಲ್ಪ ಹೊತ್ತು ಇಲ್ಲಿ ಕುಳಿತು ನನ್ನ ಗೋಳನ್ನೂ ಕೇಳಿ.

ನಮ್ಮದು ಹೊಲಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಅದರ ಹಿಂದೆ ಎರಡು ಮೆಷಿನ್ನು, ಅದರ ಹಿಂದೆ ಒಂದು ಪರದೆ. ಪರದೆಯ ಆಚೆ ನಮ್ಮ ಸಂಸಾರ. ಕತ್ತರಿ ಹಿಡಿಯುವವರು ನನ್ನ ಗಂಡ, ಬೀದಿಗೆಲ್ಲ ಅವರು ಮಾಸ್ಟರು. ಕಾಜಾ, ಗುಂಡಿ, ಅಂಚು ಮಡಿಚುವ ಕೆಲಸ ನನ್ನದು.

ಮೇಜಿನ ಮೇಲಿನ ಗೋಡೆಗೆ ನಮ್ಮ ಮಾವನವರ ಕತ್ತರಿ ತೂಗುಹಾಕಿದೆ. ಅವರು ಇದೇ ಮೇಜಿನ ಮುಂದೆ, ಒಂದು ಕೋಟಿನ ತೋಳನ್ನು ಅರ್ಧ ಕತ್ತರಿಸಿದ್ದಾಗ ಕುಸಿದು ಬಿದ್ದಿದ್ದರು. ರಕ್ತದೊತ್ತಡ ಏರಿ ತಲೆಯ ನರಕ್ಕೆ ಪೆಟ್ಟಾಗಿತ್ತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಆಮೇಲೆ ಒಂಬತ್ತು ವರ್ಷ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮಗ ಕತ್ತರಿಸುವುದನ್ನು ನೋಡುತ್ತ ಕುಳಿತಿದ್ದರು. ಬಿದ್ದಾಗ ಅವರಿಗೆ ನಲವತ್ತೊಂಬತ್ತು ವಯಸ್ಸು. ನಮ್ಮ ಮನೆಯವರಿಗೆ ಈಗ ನಲವತ್ತೆಂಟು.

ಹೀಗಿರುವಾಗ ಇವರಿಗೆ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಬರತೊಡಗಿತು. ಬಗ್ಗಿ ಬಟ್ಟೆಗೆ ಗುರುತು ಹಾಕಿ ನೆಟ್ಟಗಾಗುವಾಗ ಎರಡು ಸಲ ತಲೆ ಸುತ್ತಿ ಮೇಜು ಹಿಡಿದುಕೊಂಡರು. ಸೂಜಿಗೆ ದಾರ ಪೋಣಿಸುತ್ತ ಕುಳಿತ ನನಗೆ ಕಾಣುವುದಿಲ್ಲವೇ? ಆರೋಗ್ಯ ಕೇಂದ್ರ ಬೀದಿಯ ಕೊನೆಯಲ್ಲೇ ಇದೆ, ಹೋಗಿ ಬಿಪಿ ನೋಡಿಸಿಕೊಂಡು ಬನ್ನಿ ಎಂದೆ. ನಾನು ಏನು ಹೇಳಿದರೂ ಬರುವ ಉತ್ತರ ಒಂದೇ.

"ನಲವತ್ತು ಹೊಡೀತೀನಿ ಕಣೇ. ನಂಗೇನಾಗುತ್ತೆ?"

ಈ ನಲವತ್ತರ ಕಥೆ ಶುರುವಾದದ್ದು ನನ್ನ ತಮ್ಮನಿಂದ. ಪ್ಯಾಂಟು ತೆಗೆದುಕೊಂಡು ಹೋಗಲು ಬಂದವನು ಸುಮ್ಮನೆ ಹೋಗಬಾರದೇ? ಗಂಡಸಿನ ಮೈ ಗಟ್ಟಿ ಇದೆಯೋ ಇಲ್ಲವೋ ತಿಳಿಯಲು ಪುಶ್-ಅಪ್‌ಗಿಂತ ಬೇರೆ ಪರೀಕ್ಷೆ ಬೇಡ ಎಂದು ಹೇಳಿ, ಅಂಗಡಿಯ ನೆಲದ ಮೇಲೇ ಮೂವತ್ತು ಹೊಡೆದು ತೋರಿಸಿದ. ಭಾವನ ಮೀಸೆ ಸುಮ್ಮನಿದ್ದೀತೇ? ಮರುದಿನದಿಂದ ಅಂಗಡಿ ಬಾಗಿಲು ತೆಗೆಯುವ ಮುಂಚೆ ಮೇಜಿಗೂ ಮೆಷಿನ್ನಿಗೂ ನಡುವೆ ಇವರ ಕಸರತ್ತು. ಒಂದು ತಿಂಗಳಿಗೆ ಗೋಡೆಯ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ದೊಡ್ಡದಾಗಿ ನಲವತ್ತು ಎಂದು ಬರೆದರು. ಬಂದ ಗಿರಾಕಿಗೆಲ್ಲ ಮೊದಲು ಅದರ ವರ್ಣನೆ, ಆಮೇಲೆ ಅಳತೆ. ಹಳಬರು ಇದನ್ನು ದಂಡ ಹೊಡೆಯುವುದು ಎನ್ನುತ್ತಾರೆ. ಆ ಹೆಸರಿಟ್ಟವರು ನಮ್ಮ ಮನೆಯವರನ್ನು ನೋಡಿಯೇ ಇಟ್ಟಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ತಲೆನೋವು ಎಂದರೆ ನಲವತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದೀರಲ್ಲ ಎಂದರೆ ನಲವತ್ತು. ನಿಮ್ಮಪ್ಪನಿಗೆ ಏನಾಯಿತು ನೆನಪಿಲ್ಲವೇ ಎಂದರೆ, ಅಪ್ಪ ದಂಡ ಹೊಡೆಯುತ್ತಿರಲಿಲ್ಲ ಎಂಬ ಉತ್ತರ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಎಷ್ಟು ಅಂತ ಗುದ್ದಾಡುವುದು? ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಭಯವನ್ನು ಹೇಗೆ ಹೇಳುವುದೆಂದು ತಿಳಿಯದೆ ಸಿಟ್ಟನ್ನೇ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ಮನೆಮನೆಗೆ ಹೋಗುವ ಕೆಲಸ ಮುಗಿಸಿ ಬಂದಿದ್ದರು, ಹೆಗಲಲ್ಲಿ ಚೀಲವಿತ್ತು. ಅವರ ಬಿಳಿ ಕೋಟು ಭುಜದಲ್ಲಿ ಬಿಗಿಯಾಗಿತ್ತಂತೆ. ನಾನು ಕೋಟು ಕೈಗೆ ತೆಗೆದುಕೊಳ್ಳುವ ಮೊದಲೇ ನನ್ನ ದೂರನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ನರ್ಸಮ್ಮ ಗೋಡೆ ನೋಡಿದರು, ಮಾಸ್ಟರನ್ನು ನೋಡಿದರು. ಪುಶ್-ಅಪ್ ಒಳ್ಳೆಯದೇ, ತೋಳು, ಎದೆ, ಬೆನ್ನು ಎಷ್ಟು ಗಟ್ಟಿ ಎಂದು ಅದು ಹೇಳುತ್ತದೆ, ಆದರೆ ರಕ್ತದೊತ್ತಡ ಎಷ್ಟಿದೆ ಎಂದು ಹೇಳುವುದಿಲ್ಲ, ಮೊದಲು ಬಿಪಿ ನೋಡೋಣ ಎಂದರು. ಇವರು ಕೇಳಿಸಿಕೊಂಡರೆ ತಾನೇ? ಅವರ ಮಾತು ಮುಗಿಯುವಷ್ಟರಲ್ಲಿ ನೆಲದ ಮೇಲೆ ಬೋರಲಾಗಿ ಕೈಯೂರಿ ಶುರು ಮಾಡಿಯೇಬಿಟ್ಟರು.

ಇಳಿಯುವಾಗ "ಒಂದು" ಎಂದರು. ಏಳುವಾಗ "ಎರಡು" ಎಂದರು.

ನರ್ಸಮ್ಮ ಹುಬ್ಬೇರಿಸಿದರು. "ಸ್ವಲ್ಪ ನಿಲ್ಲಿ ಮಾಸ್ಟ್ರೇ. ಇದ್ಯಾವ ಲೆಕ್ಕ?"

"ಕಟಿಂಗ್ ಲೆಕ್ಕ," ಎಂದರು ಇವರು, ಬೋರಲಾಗಿದ್ದಲ್ಲಿಂದಲೇ. "ಮಡಿಚಿದ ಬಟ್ಟೆಗೆ ಒಂದು ಸಲ ಕತ್ತರಿ ಹಾಕಿದ್ರೆ ಎರಡು ತೋಳು ಬರುತ್ತೆ. ಇದೂ ಹಂಗೇ. ಇಳಿದಿದ್ದೊಂದು, ಎದ್ದಿದ್ದೊಂದು."

ನಾನು ತಲೆ ಚಚ್ಚಿಕೊಂಡೆ. ಇಷ್ಟು ದಿನ ಪರದೆಯ ಹಿಂದೆ ಕೆಲಸ ಮಾಡುತ್ತ, ಎಣಿಕೆ ಮಾತ್ರ ಕೇಳಿಸಿಕೊಂಡು, ನಲವತ್ತಂತೂ ನಿಜ ಎಂದು ನಾನೂ ನಂಬಿದ್ದೆ. ಅದು ಇಪ್ಪತ್ತು. ಅದೂ ಪೂರ್ತಿ ಇಪ್ಪತ್ತಲ್ಲ. ಒಂದು ಗೇಣೂ ಇಳಿಯದೆ, ಮೊಣಕೈಯನ್ನು ನೆಟ್ಟಗೂ ಮಾಡದೆ, ನಡುವೆ ಎಲ್ಲೋ ತೂಗಾಡುತ್ತಿದ್ದರು.

ನರ್ಸಮ್ಮ ನನ್ನ ಮೆಷಿನ್ನಿನ ಮೇಲಿದ್ದ ದಾರದ ಉಂಡೆಯೊಂದನ್ನು ತೆಗೆದು ಇವರ ಎದೆಯ ಕೆಳಗೆ ನೆಲದ ಮೇಲಿಟ್ಟರು. ಎದೆ ಇದಕ್ಕೆ ತಾಗಬೇಕು, ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಗೆರೆಯಲ್ಲಿರಬೇಕು, ಆಮೇಲೆ ಉಸಿರು ಬಿಡುತ್ತ ಕೈ ನೆಟ್ಟಗಾಗುವವರೆಗೆ ಏಳಬೇಕು, ಆಗ ಒಂದು ಎಂದು ವಿವರಿಸಿದರು. ಆದರೆ ಇದೆಲ್ಲ ಇವತ್ತು ಬೇಡ, ಎದ್ದು ಕೂರಿ ಎಂದರು. ಇವರ ಮುಖ ಆಗಲೇ ಕೆಂಪಗಾಗಿತ್ತು. ಬೇಡ ಎಂದದ್ದೇ ತಪ್ಪಾಯಿತು, ಹಟ ಹತ್ತಿತು. ದಾರದ ಉಂಡೆಗೆ ಎದೆ ತಾಗಿಸಿ ಎದ್ದರು. ಮತ್ತೆ ತಾಗಿಸಿದರು. ನರ್ಸಮ್ಮ ಸಾಕು ಸಾಕು ಎನ್ನುತ್ತಲೇ ಇದ್ದರು. ಆರನೆಯದಕ್ಕೆ ತೋಳು ಗಡಗಡ ನಡುಗಿತು, ಕತ್ತಿನ ನರ ಉಬ್ಬಿತು, ಮೊಣಕಾಲು ನೆಲಕ್ಕೆ ಬಿತ್ತು. ಏಳಲು ಹೋದವರಿಗೆ ಕಣ್ಣು ಕತ್ತಲೆ ಬಂದು ಮೇಜಿನ ಕಾಲನ್ನು ತಬ್ಬಿಕೊಂಡು ಕುಳಿತರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, ನೆಲ ಸ್ವಲ್ಪ ಜಾರುತ್ತಿದೆ ಎಂದರು.

ಆಗ ನನ್ನ ತಾಳ್ಮೆ ಹರಿದೇ ಹೋಯಿತು. ಸ್ಟೂಲು ಹತ್ತಿ ಮಾವನವರ ಕತ್ತರಿಯನ್ನು ಗೋಡೆಯಿಂದ ಇಳಿಸಿ ಇವರ ಎಡಗೈಯಲ್ಲಿಟ್ಟೆ.

"ಈಗಿಂದ್ಲೇ ಎಡಗೈಲಿ ಕತ್ತರಿಸೋದು ಕಲೀರಿ," ಎಂದೆ. "ಬಲಗೈ ಬಿದ್ದೋದ ಮೇಲೆ ಕಲಿಯೋಕಾಗಲ್ಲ. ನಿಮ್ಮಪ್ಪನೂ ಕಲೀಲಿಲ್ಲ."

ಇಷ್ಟು ಒರಟಾಗಿ ನಾನು ಎಂದೂ ಮಾತಾಡಿದವಳಲ್ಲ. ನನಗೇ ಅಳು ಬಂತು. ಇವರು ಆ ಕತ್ತರಿಯ ಹಿಡಿಯನ್ನು ಬೆರಳಲ್ಲಿ ಸವರುತ್ತ ಕುಳಿತರು.

ನರ್ಸಮ್ಮ ನೀರು ಕುಡಿಸಿ, ಇವರ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. "ಮಾಸ್ಟ್ರೇ, ಅಳತೆ ಕೊಡೋವಾಗ ಗಿರಾಕಿ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳ್ಕೊಂಡ್ರೆ ಏನ್ ಮಾಡ್ತೀರಿ?"

"ಬೈತೀನಿ," ಎಂದರು ಇವರು. "ಉಸಿರು ಬಿಡಿ ಸ್ವಾಮಿ ಅಂತೀನಿ. ಸುಳ್ಳು ಅಳತೆ ಕೊಟ್ರೆ ಆಮೇಲೆ ಗುಂಡಿ ಕೂರಲ್ಲ."

"ಆ ಗೋಡೆ ಮೇಲಿರೋದು ನೀವು ಕೊಟ್ಟ ಅಳತೆ. ಈಗ ಉಸಿರು ಬಿಡಿ."

ಇವರು ಗೋಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಅಂಗಿಯ ತೋಳು ಮಡಿಚತೊಡಗಿದರು.

ಕಸರತ್ತು ಮಾಡಿದ ಕೂಡಲೇ ನೋಡಿದರೆ ಬಿಪಿ ಹೆಚ್ಚೇ ತೋರಿಸುತ್ತದೆ ಎಂದು ನರ್ಸಮ್ಮ ಅರ್ಧ ಗಂಟೆ ಇವರನ್ನು ಕುರ್ಚಿಯಲ್ಲಿ ಸುಮ್ಮನೆ ಕೂರಿಸಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರು ಅರ್ಧ ಗಂಟೆ ಬಾಯಿ ಮುಚ್ಚಿ ಕುಳಿತದ್ದನ್ನು ನಾನು ಅಂದೇ ನೋಡಿದ್ದು. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿಪಿ ಮೇಲಿನದು ನೂರ ಎಪ್ಪತ್ತೆರಡು, ಕೆಳಗಿನದು ನೂರ ನಾಲ್ಕು ಇತ್ತು. ಮರುದಿನ ಬೆಳಿಗ್ಗೆ ಕೇಂದ್ರದಲ್ಲಿ ಮತ್ತೆ ನೋಡಿದಾಗಲೂ ಇಳಿದಿರಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಉಪ್ಪು ಕಡಿಮೆ ಮಾಡಲು ಹೇಳಿದರು, ಬಿಪಿ ಹಿಡಿತಕ್ಕೆ ಬರುವವರೆಗೆ ನೆಲದ ಮೇಲೆ ದಂಡ ಬೇಡ, ದಿನಾ ನಡೆಯಿರಿ ಎಂದರು. ಈ ಕಾಯಿಲೆ ಬಾಗಿಲು ತಟ್ಟಿ ಬರುವುದಿಲ್ಲ, ಎಷ್ಟೋ ಜನರಿಗೆ ತಲೆನೋವೂ ಇರುವುದಿಲ್ಲ, ನೋಡಿಸಿಕೊಂಡರಷ್ಟೇ ಗೊತ್ತಾಗುವುದು ಎಂದರು.

ಅಷ್ಟಕ್ಕೇ ನನ್ನ ಕಷ್ಟ ತೀರಿತು ಎಂದುಕೊಳ್ಳಬೇಡಿ. ಹದಿನೈದು ದಿನಕ್ಕೆ ತಲೆ ಹಗುರಾಯಿತು, ಕೂಡಲೇ ಇವರಿಗೆ ಮಾತ್ರೆ ಯಾಕೆ ಎನ್ನಿಸಿತು. ಹಗುರಾದದ್ದೇ ಮಾತ್ರೆಯಿಂದ, ಡಾಕ್ಟರು ಹೇಳದೆ ಬಿಡುವ ಹಾಗಿಲ್ಲ ಎಂದು ನರ್ಸಮ್ಮ ಮತ್ತೊಮ್ಮೆ ಬಂದು ಹೇಳಬೇಕಾಯಿತು. ಬಂದವರು ಇವರ ತೋಳಿನ ಬಿಪಿ ಪಟ್ಟಿ ಬಿಚ್ಚಿ ಮಡಿಚುವ ಮುಂಚೆ ನನ್ನ ಕಡೆ ತಿರುಗಿ, ನಿಮ್ಮ ಬಿಪಿ ಯಾವಾಗ ನೋಡಿಸಿದ್ದೀರಿ ಎಂದು ಕೇಳಿದರು. ಹನ್ನೆರಡು ಕಾಜಾ ಬಾಕಿ ಇದೆ, ನಾಳೆ ನೋಡೋಣ ಎಂದುಬಿಟ್ಟೆ. ಮೇಜಿನ ಬಳಿಯಿಂದ ಮಾಸ್ಟರು ನಗುವುದು ಕೇಳಿಸಿತು. ನರ್ಸಮ್ಮ ಬಿಡದೆ ನನ್ನ ತೋಳು ಹಿಡಿದರು. ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ನನ್ನ ತೋಳಿಗೆ ಆ ಪಟ್ಟಿ ಸುತ್ತಿದ್ದು ಅದೇ ಮೊದಲು. ನನ್ನದು ಸರಿಯಾಗಿಯೇ ಇತ್ತು.

ಎರಡು ತಿಂಗಳ ಮೇಲೆ ಬಿಪಿ ಹಿಡಿತಕ್ಕೆ ಬಂತು, ಇನ್ನು ದಂಡ ಹೊಡೆಯಬಹುದು ಎಂದರು ಡಾಕ್ಟರು. ಮೊದಲು ಗೋಡೆಗೆ ಕೈಯೂರಿ, ಆಮೇಲೆ ಕತ್ತರಿಸುವ ಮೇಜಿನ ಅಂಚಿಗೆ ಕೈಯೂರಿ, ಕೊನೆಗೆ ನೆಲಕ್ಕೆ. ಉಸಿರು ಬಿಗಿಹಿಡಿಯುವ ಹಾಗಿಲ್ಲ, ಎದೆ ನೋವೋ ತಲೆ ಸುತ್ತೋ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ನೆಲಕ್ಕೆ ಇಳಿದ ದಿನ ಇವರು ತಾವಾಗಿಯೇ ಒದ್ದೆ ಬಟ್ಟೆ ತಂದು ಗೋಡೆಯ ನಲವತ್ತನ್ನು ಒರೆಸಿ, ಐದು ಎಂದು ಬರೆದರು. ಆ ಐದನ್ನು ನೋಡಿ ನನಗಾದ ಸಂತೋಷ ನಲವತ್ತನ್ನು ನೋಡಿ ಎಂದೂ ಆಗಿರಲಿಲ್ಲ.

ಮೊನ್ನೆ ನನ್ನ ತಮ್ಮ ಮತ್ತೆ ಬಂದಿದ್ದ. ತಾನು ಈಗ ನಲವತ್ತೈದು ಹೊಡೆಯುತ್ತೇನೆ ಎಂದ. ಭಾವನದು ಎಷ್ಟಾಯಿತು ಎಂದು ಕೆಣಕಿದ.

"ಹನ್ನೊಂದು," ಎಂದರು ನಮ್ಮ ಮನೆಯವರು, ಬಟ್ಟೆಯಿಂದ ಕಣ್ಣೆತ್ತದೆ. "ಉಂಡೆ ಮುಟ್ಟಿ ಎದ್ದಿದ್ದು. ನಿನ್ನ ಬಿಪಿ ಎಷ್ಟು?"

ಇವರು ಮಡಿಚಿದ ಬಟ್ಟೆಗೆ ಕತ್ತರಿ ಹಾಕಿದರು. ಬಲಗೈ ಒಂದಿಷ್ಟೂ ನಡುಗದೆ ಗುರುತಿನ ಮೇಲೇ ಸಾಗಿತು, ಎರಡು ತೋಳು ಒಟ್ಟಿಗೆ ಬಂದವು. ಮುಂದಿನ ತಿಂಗಳು ಇವರಿಗೆ ನಲವತ್ತೊಂಬತ್ತು ತುಂಬುತ್ತದೆ.

ಇದನ್ನು ಓದುತ್ತಿರುವವರೇ, ದಂಡ ಹೊಡೆಯಿರಿ, ಬೇಡ ಎನ್ನುವುದಿಲ್ಲ. ಎರಡಾದರೆ ಎರಡು, ಗೋಡೆಗೆ ಕೈಯೂರಿ ಮಾಡಿದರೂ ಅದು ನಿಮ್ಮದೇ. ಹೋದ ತಿಂಗಳು ನೀವೇ ಹೊಡೆದ ಲೆಕ್ಕದ ಜೊತೆ ಪಂದ್ಯ ಕಟ್ಟಿ, ಬಾಮೈದನ ಜೊತೆ ಬೇಡ. ಆದರೆ ಶುರು ಮಾಡುವ ಮುಂಚೆ ಒಮ್ಮೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋಳು ಚಾಚಿ. ಹೇಳಿ ಹೇಳಿ ಸಾಕಾಗಿರುವ ಅಕ್ಕಂದಿರೇ, ನೀವೂ ಜೊತೆಗೆ ಹೋಗಿ, ಕಾಜಾ ನಾಳೆ ಹೊಲಿಯಬಹುದು. ಹೊಟ್ಟೆ ಒಳಗೆ ಎಳೆದುಕೊಂಡು ನಿಂತದ್ದು ಸಾಕು. ಉಸಿರು ಬಿಡಿ, ಸರಿಯಾದ ಅಳತೆ ಕೊಡಿ.