ಕಂಕುಳ ಬಿಸಿ

ಬಿಸಿನೀರಿನ ಬಕೆಟ್ ಹಿಡಿದು ಬಂದ ಬುರುಲ್ಚಾಳನ್ನು ಅನಾರಾ ಉಣ್ಣೆಗುಡಾರದ ಬಾಗಿಲಲ್ಲೇ ತಡೆದಳು.

"ಬಕೆಟ್ ಇಲ್ಲಿಡು. ನೀನು ಹೋಗಿ ಎಣ್ಣೇಲಿ ಬೊರ್ಸೊಕ್ ಹಿಟ್ಟಿನುಂಡೆ ಕರಿ."

ಒಳಗೆ ಪರದೆಯ ಹಿಂದೆ ಡಾಕ್ಟರ್ ಜೂರಾಳ ದೇಹವಿತ್ತು. ದೂರದ ಓಶ್ ಕಡೆಯಿಂದ ಕೆಲಸಕ್ಕೆಂದು ಈ ಬೆಟ್ಟಸೀಮೆಯ ನಾರಿನ್‌ಗೆ ಬಂದು ಇಲ್ಲೇ ಉಳಿದವಳು. ಮೈ ತೊಳೆಯಲು ರಕ್ತಸಂಬಂಧದ ಹೆಂಗಸರಿಲ್ಲ. ನೆರೆಯವರೇ ಆಗಬೇಕು.

"ನಾನೂ ತೊಳೀತೀನಿ," ಎಂದಳು ಬುರುಲ್ಚಾ.

"ಬದುಕಿದ್ದಾಗ ಒಂದು ಬಟ್ಟಲು ಚಹಾ ಕೊಡಲಿಲ್ಲ. ಈಗೇನು ನೀರು ಹೊಯ್ಯೋದು?"

*

ವರ್ಷಗಳ ಹಿಂದಿನ ಒಂದು ಚಳಿಗಾಲ ಬುರುಲ್ಚಾಳ ಸೊಸೆ ನುರ್ಜಾತ್‌ಗೆ ಏಳು ತಿಂಗಳು ತುಂಬಿತ್ತು. ಜೂರಾ ಸ್ಕ್ಯಾನಿಂಗ್ ಜೆಲ್ಲಿನ ಬಾಟಲಿಯನ್ನು, ತಣ್ಣಗೆ ತಾಗದಿರಲೆಂದು, ಕಂಕುಳಲ್ಲಿ ಒತ್ತಿಕೊಂಡು ಬೆಚ್ಚಗೆ ಮಾಡಿದ ಮೇಲೇ ಹೊಟ್ಟೆಗೆ ಸವರಿದ್ದಳು. ಯಂತ್ರದ ಪರದೆಯ ಮೇಲೆ ಹೆಬ್ಬೆರಳ ತುದಿಯಷ್ಟು ಹೃದಯ ಬಡಿದುಕೊಳ್ಳುತ್ತಿತ್ತು. ಜೂರಾ ಬಹಳ ಹೊತ್ತು ನೋಡಿದಳು. ಹೃದಯದಿಂದ ಮೈಗೆ ರಕ್ತ ಒಯ್ಯುವ ನಾಳ ಬಾಗುವ ಕಡೆ ಕಿರಿದಾದಂತಿದೆ, ಹುಟ್ಟಿದ ಮೇಲಷ್ಟೇ ಖಚಿತವಾಗುತ್ತದೆ, ಹೆರಿಗೆ ರಾಜಧಾನಿಯಲ್ಲೇ ಆಗಲಿ ಎಂದಳು.

ಮನೆಗೆ ಹಾಲು ಕೊಡುತ್ತಿದ್ದ ಹೆಣ್ಣುಕುದುರೆಯನ್ನು ಮಾರಿ, ಹಿಮದಲ್ಲಿ ದೊಲೊನ್ ಬೆಟ್ಟದ ಕಣಿವೆದಾರಿ ದಾಟಿ ರಾಜಧಾನಿಗೆ ಹೋದರು. ಹುಟ್ಟಿದ ಕೂಸಿನ ಹೃದಯಕ್ಕೆ ಏನೂ ಆಗಿರಲಿಲ್ಲ.

ತೊಟ್ಟಿಲ ದಿನ ಜೂರಾ ರೊಟ್ಟಿ ಹಿಡಿದು ಬಂದಳು. "ನಾನೇ ತಪ್ಪಿದೆ ಅಕ್ಕಾ, ಎಷ್ಟು ಒಳ್ಳೇದಾಯ್ತು ನೋಡು," ಎಂದು ನಕ್ಕಳು.

"ನನ್ನ ಕುದುರೇನ ಹೊಡ್ಕೊಂಡು ಬಾ, ಆಮೇಲೆ ನಗು," ಎಂದು ಬುರುಲ್ಚಾ ಹೊಸ್ತಿಲಲ್ಲೇ ಅಡ್ಡ ನಿಂತಳು.

ಜೂರಾಳ ನಗು ಇಳಿಯಿತು. "ನಾಳೆ ಇನ್ನೊಬ್ಬಳಲ್ಲಿ ಹಾಗೇ ಕಂಡರೂ ನಾನು ಇದೇ ಮಾತು ಹೇಳೋದು," ಎಂದು ರೊಟ್ಟಿಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಹೋದಳು.

*

"ಮರುವರ್ಷ ನನ್ನ ಹೊಟ್ಟೇಲೂ ಅದನ್ನೇ ಕಂಡಳು," ಎಂದಳು ಗುಡಾರದ ಬಾಗಿಲಲ್ಲಿ ನಿಂತ ಅನಾರಾ. "ಸುಳ್ಳು ಡಾಕ್ಟರು ಅಂತ ನೀನು ಊರೆಲ್ಲ ಸಾರಿದ್ದೆ. ನಿನ್ನ ಮಾತು ಕೇಳಿ ಇಲ್ಲೇ ಹೆತ್ತಿದ್ರೆ ನನ್ನ ಮಗ ಉಳೀತಿರಲಿಲ್ಲ. ಹುಟ್ಟಿದ ಕೂಡಲೇ ಆಪರೇಷನ್ ಮಾಡಿ ಅವನ ಬೆನ್ನ ಮೇಲೆ ಹಾಕಿದ ಹೊಲಿಗೆ ನೋಡಿದೀಯಲ್ಲ?"

"ಪ್ರತಿ ಬೇಸಿಗೇಲೂ ನೋಡ್ತೀನಿ. ಅವನು ಹೊಳೇಲಿ ಈಜುವಾಗ." ಬುರುಲ್ಚಾ ತಲೆ ಎತ್ತಲಿಲ್ಲ. "ತಪ್ಪು ನಂದು ಅಂತ ಅವಳಿಗೆ ಬಂದು ಹೇಳೋಕೆ ಮುಖ ಇರಲಿಲ್ಲ. ಈಗಲೂ ಇಲ್ಲ. ಬಿಡು ಒಳಗೆ."

ಅನಾರಾ ಬಾಗಿಲು ಬಿಟ್ಟು ಒಳಗೆ ಹೋಗಿ ಪರದೆ ಸರಿಸಿದಳು.

ಬುರುಲ್ಚಾ ಅಂಗಿಯ ತೋಳು ಮೇಲಕ್ಕೆ ಮಡಿಸಿದಳು. ಹೊರಗಿನ ಚಳಿಗೆ ಬೆರಳುಗಳು ಮರಗಟ್ಟಿದ್ದವು. ಎರಡೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಳು.

"ಏನು ಕಾಯ್ತಿದೀಯ? ಸತ್ತವರಿಗೆ ಚಳಿಯಾ?"

ಬುರುಲ್ಚಾ ಕೈಗಳನ್ನು ಇನ್ನಷ್ಟು ಒತ್ತಿಕೊಂಡಳು. ಅನಾರಾ ಎತ್ತಿದ್ದ ಚೆಂಬನ್ನು ಕೆಳಗಿಟ್ಟು, ತನ್ನ ಕೈಗಳನ್ನೂ ಕಂಕುಳಿಗೆ ಸೇರಿಸಿಕೊಂಡಳು.